ನಾನು ಸೊನ್ನೆ ಹಾಕಿದ ಸಾಲು

ಹುಬ್ಬಳ್ಳಿಯ ಡಾಕ್ಟರು ನಮಗೊಂದು ಹಾಳೆ ಕೊಟ್ಟಿದ್ದರು. ಒಂದು ಬದಿಗೆ ಐದು ಸಾಲು, ಪ್ರತಿ ಸಾಲಿನ ಮುಂದೆ ದಿನಕ್ಕೊಂದು ಮನೆ. ಊಟ ಬಿಟ್ಟಳಾ, ನಿದ್ದೆ ಕೆಟ್ಟಿತಾ, ಹೊಟ್ಟೆನೋವು ಅಂದಳಾ, ಅಳು ಸಿಟ್ಟು ಹೆಚ್ಚಾಯ್ತಾ, ಇಷ್ಟು ನಾಲ್ಕು. ಐದನೇದು ಕಣ್ಣು ಮಿಟುಕಿಸುವುದು, ಕುತ್ತಿಗೆ ಸೆಳೆಯುವುದು, ಗಂಟಲಲ್ಲಿ ಸುಮ್ಮನೆ ಸದ್ದು ಮಾಡುವುದು. ಇದ್ದರೆ ಒಂದು ಗೀಟು, ಇಲ್ಲದಿದ್ದರೆ ಸೊನ್ನೆ.

ಆ ಹಾಳೆ ತುಂಬುವ ಕೆಲಸ ನನಗೆ ಬಂತು. ನಾನು ಮೂರನೇ ಇಯತ್ತೆ ಅರ್ಧಕ್ಕೆ ಬಿಟ್ಟವಳು. ಕಾಗದ ಕಂಡರೆ ಈಗಲೂ ಕೈ ಹಿಂದೆ ಹೋಗ್ತದೆ. ಆದರೆ ಗೀಟು ಸೊನ್ನೆ ಹಾಕಲಿಕ್ಕೆ ಇಯತ್ತೆ ಬೇಡ. ಐದನೇ ಸಾಲಿನಲ್ಲಿ ನಾನು ಕಡೆಯ ತನಕ ಸೊನ್ನೆಯನ್ನೇ ಹಾಕಿದೆ. ಅದರಲ್ಲಿ ಕೊನೆಯ ಇಪ್ಪತ್ತೆರಡು ಸೊನ್ನೆ ಸುಳ್ಳು.

ಹುಡುಗಿ ನನ್ನ ಮಗನ ಮಗಳು. ಆಗ ಒಂಬತ್ತು ವರ್ಷ. ಮಗ ಸಾಮಾನು ಸಾಗಿಸುವ ಟೆಂಪೋ ಓಡಿಸುತ್ತಾನೆ. ಸೊಸೆ ಶಿರಸಿಯಲ್ಲಿ ಬಟ್ಟೆ ಅಂಗಡಿಯಲ್ಲಿದ್ದಾಳೆ, ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ನಮ್ಮ ಮನೆ ಸಿದ್ದಾಪುರ ರಸ್ತೆಯಿಂದ ಸ್ವಲ್ಪ ಒಳಗೆ, ಬಸ್ಸಿನ ಹಾರ್ನು ಕೇಳುವಷ್ಟು ದೂರ. ಹುಡುಗಿ ನನ್ನ ಕೈಯಲ್ಲೇ ಬೆಳೆದಳು. ಹಾಗಂತ ಮುದ್ದು ಮಾಡಿ ಬೆಳೆಸಿದೆ ಅಂತ ತಿಳಿಯಬೇಡಿ. ಹೊಡೆದಿದ್ದೇನೆ.

ಹೊಡೆಯದೆ ಏನು ಮಾಡಲಿ. ಬಾಯಲ್ಲಿ ತುತ್ತು ಇಟ್ಟುಕೊಂಡೇ ಎದ್ದು ಓಡುವಳು. ಬೇಲಿಯ ದಣಪೆ ತೆಗೆದು ಬಿಟ್ಟು ಬರುವಳು, ಯಾರದ್ದೋ ದನ ಬಂದು ಬಸಳೆ ಚಪ್ಪರ ಮೇಯುವುದು. ನೀರು ತುಂಬು ಅಂದರೆ ನಲ್ಲಿ ತಿರುಗಿಸಿ ಬಾವಿಕಟ್ಟೆ ಮೇಲೆ ಹತ್ತಿ ನಿಂತಿರುವಳು. ಒಂದು ಸಲ ಬಸ್ಸು ನಿಲ್ಲುವ ಮೊದಲೇ ಹಾರಿದಳು, ಮೊಣಕಾಲಿನ ಚಿಪ್ಪು ಕಾಣುವಷ್ಟು ಸುಲಿದಿತ್ತು. ಅದಕ್ಕೆ ಅರಿಶಿನ ಹಚ್ಚುತ್ತಿದ್ದರೆ, ಅಳುವುದು ಬಿಟ್ಟು, ಮಾಡಿನ ಹಂಚು ಎಷ್ಟಿದೆ ಅಂತ ಎಣಿಸುತ್ತಿದ್ದಳು. ಶಾಲೆಯ ಅಕ್ಕೋರು ಒಳ್ಳೆಯವರು, ಚಿಕ್ಕ ಪ್ರಾಯದವರು. ಮೂರು ಸಲ ಮಗನನ್ನು ಕರೆಸಿ ಹೇಳಿದರು, ಬುದ್ಧಿ ಚುರುಕಿದೆ, ಕೂರುವುದಿಲ್ಲ, ಕೂತರೂ ಮನಸ್ಸು ಅಲ್ಲಿರುವುದಿಲ್ಲ, ಒಮ್ಮೆ ತೋರಿಸಿ ಅಂತ. ನನಗೆ ಸಿಟ್ಟು ಬಂದಿತ್ತು. ಮಕ್ಕಳು ಕುಣಿಯುವುದಕ್ಕೂ ಡಾಕ್ಟರಾ ಅಂದಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಟೆಂಪೋದ ಮುಂದಿನ ಸೀಟಿನಲ್ಲಿ ನಾವು ನಾಲ್ಕು ಜನ ಒತ್ತಿಕೊಂಡು ಹುಬ್ಬಳ್ಳಿಗೆ ಹೋದೆವು. ಡಾಕ್ಟರು ತಾಸುಗಟ್ಟಲೆ ಹುಡುಗಿಯನ್ನು ಅವಳ ಪಾಡಿಗೆ ಬಿಟ್ಟು ನೋಡಿದರು. ಅವಳು ಅವರ ಮೇಜಿನ ಡ್ರಾಯರು ಎಳೆದಳು, ತಿರುಗುವ ಕುರ್ಚಿಯನ್ನು ತಿರುಗಿಸಿದಳು, ನನ್ನ ಚೀಲದ ಎಲೆಅಡಿಕೆ ಸಂಚಿ ತೆಗೆದು ಅವರಿಗೆ ತೋರಿಸಿದಳು. ಕಡೆಗೆ ಅವರು ಕಾಯಿಲೆಯ ಹೆಸರು ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ, ಗಮನ ನಿಲ್ಲುವುದಿಲ್ಲ, ಮೈ ನಿಲ್ಲುವುದಿಲ್ಲ, ಇದು ನೀವು ಬೆಳೆಸಿದ್ದರಲ್ಲಿ ಆದ ತಪ್ಪಲ್ಲ ಅಂದರು. ಸೊಸೆ ಅಲ್ಲೇ ಸೆರಗು ಬಾಯಿಗೆ ಹಿಡಿದುಕೊಂಡು ಅತ್ತಳು. ಅಲ್ಲಿಯ ತನಕ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ನಾನಂತೂ ಹೇಳಿರಲಿಲ್ಲ.

ಗುಳಿಗೆ ಬರೆದರು, ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು. ಹಸಿವು ಕಮ್ಮಿ ಆಗಬಹುದು, ನಿದ್ದೆ ತಡವಾಗಬಹುದು ಅಂದರು. ಕೆಲವು ಮಕ್ಕಳಿಗೆ ಕಣ್ಣು ಪಟಪಟ ಬಡಿಯುವುದು, ಕುತ್ತಿಗೆ, ಭುಜ ಸೆಳೆಯುವುದು, ಗಂಟಲಲ್ಲಿ ಸದ್ದು ಕಾಣಿಸಬಹುದು, ಗುಳಿಗೆಯಿಂದಲೇ ಬಂತು ಅಂತ ಹೇಳಲಿಕ್ಕೂ ಬರುವುದಿಲ್ಲ, ಇಂಥ ಮಕ್ಕಳಲ್ಲಿ ಅದು ತಾನಾಗಿಯೂ ಬರ್ತದೆ, ಹೆದರಬೇಡಿ, ಆದರೆ ಕಂಡ ಕೂಡಲೆ ನನಗೆ ಹೇಳಿ ಅಂದರು. ಆಮೇಲೆ ಆ ಹಾಳೆ ಕೊಟ್ಟರು. ನಾನು ಅದೇ ಕೋಣೆಯಲ್ಲಿ ಕೂತಿದ್ದೆ. ಕಿವಿ ಚೆನ್ನಾಗಿದೆ ನನಗೆ. ಕೇಳಿಲ್ಲ ಅಂತ ಹೇಳುವ ಹಾಗಿಲ್ಲ.

ಗುಳಿಗೆ ಸುರು ಮಾಡಿ ಒಂದು ವಾರಕ್ಕೆಲ್ಲ ಹುಡುಗಿ ಕೂತಳು.

ನಾನು ಇದನ್ನು ಹೇಗೆ ಹೇಳಲಿ. ಒಂಬತ್ತು ವರ್ಷ ಮನೆಯೊಳಗೆ ಗಾಳಿ ಹೊಕ್ಕ ಹಾಗಿದ್ದದ್ದು, ಒಂದು ದಿನ ನಿಂತಿತು. ಮಧ್ಯಾಹ್ನದ ಊಟ ಶಾಲೆಯಲ್ಲಿ ಹಾಗೇ ಬಿಟ್ಟು ಬರುತ್ತಿದ್ದಳು, ಹೊಟ್ಟೆ ಅಂಟಿತ್ತು, ಅದಕ್ಕೆ ಹಾಳೆಯಲ್ಲಿ ಗೀಟು ಹಾಕಿದೆ. ಅಷ್ಟು ಸತ್ಯ ಬರೆದೆ. ಆದರೆ ಅಕ್ಕೋರು ಹೇಳಿ ಕಳಿಸಿದರು, ಒಂದು ಪುಟ ಪೂರ್ತಿ ಬರೆದಿದ್ದಾಳೆ ಅಂತ. ಮಗ ಆ ಪುಸ್ತಕವನ್ನು ಟೆಂಪೋದಲ್ಲಿ ಇಟ್ಟುಕೊಂಡು ಎಲ್ಲರಿಗೂ ತೋರಿಸುತ್ತಾ ತಿರುಗಿದ.

ಇನ್ನು ಗೋಡೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ನನ್ನ ಸೊನ್ನೆ ಅರ್ಥ ಆಗುವುದಿಲ್ಲ.

ನಮ್ಮ ಜನದ ಮದುವೆಯಲ್ಲಿ ಹಸೆಗೋಡೆ ಅಂತ ಇದೆ. ಮದುಮಕ್ಕಳನ್ನು ಕೂರಿಸುವ ಜಾಗದ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುವುದು. ಕುಂಚ ಅಂದರೆ ಪುಂಡಿನಾರು ಜಜ್ಜಿ ಕಟ್ಟಿದ್ದು. ಹೂವು ಬಳ್ಳಿ ಅಂತ ಮನಸ್ಸಿಗೆ ಬಂದ ಹಾಗೆ ಸುತ್ತುವ ಬರವಣಿಗೆ ಅಲ್ಲ ಅದು. ಎಲ್ಲಾ ನೆಟ್ಟಗಿನ ಎಳೆಗಳು, ಒಂದರ ಪಕ್ಕ ಒಂದು, ನೂರಾರು. ಒಂದು ಎಳೆ ಹಿಡಿದರೆ ತುದಿ ಮುಟ್ಟುವ ತನಕ ಕೈ ಎತ್ತಬಾರದು, ಮಾತಾಡಬಾರದು, ಆಚೆ ಈಚೆ ನೋಡಬಾರದು. ತುಂಡಾದ ಎಳೆ ಮದುಮಕ್ಕಳ ಬೆನ್ನ ಹಿಂದೆ ಇರಬಾರದು ಅಂತ ನನ್ನ ಅತ್ತೆ ಹೇಳುತ್ತಿದ್ದಳು. ನನಗೆ ಶಕುನದ ನಂಬಿಕೆ ಅಷ್ಟಕ್ಕಷ್ಟೇ. ತುಂಡಾದ ಎಳೆ ನೋಡಲಿಕ್ಕೆ ಕೆಟ್ಟದು, ಅಷ್ಟೆ.

ಸಿದ್ದಾಪುರದ ಈ ಕಡೆಯಿಂದ ಸೋಂದಾದ ತನಕ ನನ್ನ ಗೋಡೆಗಳಿವೆ. ಇದ್ದವು. ಈಗ ಸುಣ್ಣ ಹೊಡೆದಿದ್ದಾರೆ, ಮನೆಯನ್ನೇ ಕೆಡವಿದ್ದಾರೆ. ಈಗಿನವರು ಚಿತ್ತಾರವನ್ನು ಫ್ಲೆಕ್ಸ್ ಮಾಡಿಸಿ ಸಭಾಭವನದಲ್ಲಿ ತೂಗು ಹಾಕುತ್ತಾರೆ. ಅದು ಇರಲಿ. ನನ್ನ ಕೈ ಎರಡು ವರ್ಷದಿಂದ ನಡುಗುತ್ತಿತ್ತು. ಚಾ ಲೋಟ ಹಿಡಿದರೆ ಗೊತ್ತಾಗುತ್ತಿರಲಿಲ್ಲ. ಕುಂಚ ಹಿಡಿದು ಗೋಡೆ ಮುಟ್ಟಿಸಿದರೆ ಎಳೆ ಹುಳ ಹರಿದ ಹಾಗೆ ಆಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಕರೆಯಲು ಬಂದವರಿಗೆ ಬೆನ್ನುನೋವು ಅಂದು ಕಳಿಸುತ್ತಿದ್ದೆ.

ಆದರೆ ನನ್ನ ತಮ್ಮ ಬಂದಾಗ ಹಾಗೆ ಹೇಳಲಿಕ್ಕೆ ಆಗಲಿಲ್ಲ. ಅವನ ಮೊಮ್ಮಗಳ ಮದುವೆ ವೈಶಾಖದಲ್ಲಿ, ಸೋಂದಾ ಕ್ರಾಸಿನಿಂದ ಯಲ್ಲಾಪುರದ ದಾರಿಯಲ್ಲಿರುವ ಮನೆಯಲ್ಲೇ. ಗೋಡೆ ನಿಂದು ಅಕ್ಕ ಅಂದ. ನಾನು ಹೂಂ ಅಂದೆ.

ಅದೇ ವಾರದಲ್ಲಿ, ಹುಡುಗಿ ನನ್ನ ಹಳೆಯ ಕುಂಚ ತೆಗೆದುಕೊಂಡು ಹಿತ್ತಲ ಗೋಡೆಯ ಮೇಲೆ ಎಳೆ ಎಳೆದಿದ್ದಳು. ನಾನು ಕೈತೋಟದಿಂದ ಬಂದು ನೋಡುತ್ತೇನೆ, ಮೊಳ ಉದ್ದದ ಹನ್ನೊಂದು ಎಳೆ. ಒಂದೂ ಅಲುಗಿಲ್ಲ. ಮೊದಲು ಇವಳೇ ಹಿಟ್ಟಿನ ಬಟ್ಟಲು ಹಿಡಿದುಕೋ ಅಂದರೆ ಎರಡು ನಿಮಿಷಕ್ಕೆ ಚೆಲ್ಲಿ ಓಡುವವಳು. ನನಗೆ ಮೈ ಜುಮ್ ಅಂತು. ಬಾಯಲ್ಲಿ ಮಾತ್ರ, ಬಿಳಿ ಗಟ್ಟಿಯಾಯ್ತು, ನೀರು ಬೆರೆಸು ಅಂದೆ.

ಅಲ್ಲಿಂದ ದಿನಾ ಕಲಿಸಿದೆ. ಬೇಸಿಗೆ ರಜೆ ಬಿಟ್ಟಿತ್ತು. ಬೆಳಿಗ್ಗೆ ಗುಳಿಗೆ ನುಂಗಿಸಿ ಗೋಡೆ ಮುಂದೆ ಕೂರಿಸುತ್ತಿದ್ದೆ. ಅವಳು ಎಳೆಯುವುದು, ನಾನು ಪಕ್ಕದಲ್ಲಿ ಕೂತು ನೋಡುವುದು. ಅವಳ ಕೈಯಲ್ಲಿ ನನ್ನ ಕೈ ಕಂಡ ಹಾಗೆ ಆಗುತ್ತಿತ್ತು. ಒಂದು ದಿನ ಕೇಳಿದಳು, ಅಜ್ಜಿ, ನಿಂಗೆ ನನ್ನ ಮೇಲೆ ಈಗ ಸಿಟ್ಟು ಬರುದಿಲ್ವಾ ಅಂತ. ಕೆಲಸ ನೋಡು ಅಂದೆ.

ಮೊದಲು ಕಂಡದ್ದು ಕಣ್ಣು. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ತೆಗೆಯುವುದು, ಮತ್ತೆ ಮತ್ತೆ. ಕೆಮ್ಮಣ್ಣಿನ ಧೂಳು ಹೊಕ್ಕಿದೆ ಅಂದುಕೊಂಡೆ. ನಂದಿಬಟ್ಟಲು ಹೂವು ನೆನೆಸಿದ ನೀರು ಬಿಟ್ಟೆ. ನಾಲ್ಕು ದಿನ ಬಿಟ್ಟೆ. ಆಮೇಲೆ ಕುತ್ತಿಗೆ ಎಡಕ್ಕೆ ಸೆಳೆಯಲು ಸುರುವಾಯ್ತು, ದನ ನೊಣ ಓಡಿಸುವಾಗ ಕೊಡಹುತ್ತದಲ್ಲ, ಹಾಗೆ. ಆವತ್ತು ನನಗೆ ಡಾಕ್ಟರು ಹೇಳಿದ್ದು ನೆನಪಾಯ್ತು. ಮರೆತಿದ್ದರಲ್ಲವಾ ನೆನಪಾಗುವುದು. ನೆನಪಿತ್ತು.

ಸಂಜೆ ಸೊಸೆ ಬಂದು ಚಪ್ಪಲಿ ಬಿಡುತ್ತಾ ಕೇಳಿದಳು, ಎಂತಾದ್ರೂ ಕಂಡ್ತಾ ಅತ್ತೆ ಅಂತ. ದಿನಾ ಕೇಳುತ್ತಿದ್ದಳು. ಎಂತ ಇಲ್ಲ ಅಂದೆ. ಹಾಳೆ ತೆಗೆದು ಐದನೇ ಸಾಲಿನಲ್ಲಿ ಸೊನ್ನೆ ಹಾಕಿದೆ. ಸೊನ್ನೆ ಮಾತ್ರ ನನ್ನ ನಡುಗುವ ಕೈಗೂ ಸುಲಭ.

ಲೆಕ್ಕಾಚಾರ ಹೀಗಿತ್ತು. ಹೇಳಿದರೆ ಹುಬ್ಬಳ್ಳಿಗೆ ಕರಕೊಂಡು ಹೋಗುತ್ತಾರೆ. ಹೋದರೆ ಗುಳಿಗೆ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಹುಡುಗಿ ಮತ್ತೆ ಬಾವಿಕಟ್ಟೆ ಹತ್ತುತ್ತಾಳೆ. ಗೋಡೆ ಹೋಗ್ತದೆ. ಮೂರು ವಾರ, ಮದುವೆ ಒಂದು ಆಗಲಿ, ಆಮೇಲೆ ಹೇಳಿದರಾಯ್ತು. ಶೀತ ಅಲ್ಲ, ಜ್ವರ ಅಲ್ಲ, ಕಣ್ಣು ಮಿಟುಕಿಸಿದರೆ ಯಾರು ಸತ್ತಿದ್ದಾರೆ. ಹೀಗೆ ನನಗೆ ನಾನೇ ಹೇಳಿಕೊಂಡೆ. ಸೊಸೆ ಬೆಳಗಿನ ಬಸ್ಸಿಗೆ ಹೋಗುವ ತನಕ ಹುಡುಗಿ ಹಾಸಿಗೆಯಲ್ಲಿ, ಸಂಜೆ ಅವಳು ಬರುವ ಹೊತ್ತಿಗೆ ಟಿವಿ ಮುಂದೆ. ಕಣ್ಣು ಉಜ್ಜಿದರೆ ಟಿವಿ ಜಾಸ್ತಿ ಆಯ್ತು ಅಂತ ಸೊಸೆಯೇ ಅನ್ನುತ್ತಿದ್ದಳು. ನಾನು ಹೌದು ಹೌದು ಅನ್ನುತ್ತಿದ್ದೆ.

ಕುತ್ತಿಗೆ ಸೆಳೆದರೆ ಎಳೆ ತುಂಡಾಗುತ್ತಿತ್ತು. ಅದಕ್ಕೆ ಹೇಳಿಕೊಟ್ಟೆ, ತಡಕೋ ಅಂತ. ಉಸಿರು ಹಿಡಿ, ಹಲ್ಲು ಕಚ್ಚು, ಎಳೆ ಮುಗಿಯುವ ತನಕ ತಡಕೋ.

"ತಡಕಂಡ್ರೆ ಕುತ್ತಿಗೆ ಒಳಗೆ ಚಗಳಿ ಹರದಂಗೆ ಆತದೆ ಅಜ್ಜಿ," ಅಂದಳು. ಚಗಳಿ ಅಂದರೆ ಮರದ ಮೇಲಿನ ಕೆಂಪಿರುವೆ, ಕಚ್ಚಿದರೆ ಉರಿ.

"ಚಗಳಿ ಕಚ್ಚಿದ್ರೂ ಕೈ ಅಲ್ಲಾಡ್ಬಾರ್ದು," ಅಂದೆ.

ಅವಳು ಕಲಿತಳು. ನಾನು ಹೇಳಿಕೊಟ್ಟ ಯಾವುದನ್ನೂ ಅಷ್ಟು ಬೇಗ ಕಲಿತವಳಲ್ಲ. ಒಂದು ಎಳೆ, ಆಮೇಲೆ ಎರಡು, ಆಮೇಲೆ ಒಂದು ಪಟ್ಟಿ ಪೂರ್ತಿ. ಮುಗಿಸಿ ಎದ್ದು ಹಿತ್ತಲಿಗೆ ಹೋಗಿ ಬರುವಳು. ಬಂದು ಕೂರುವಳು.

ಮದುವೆಗೆ ಮೂರು ದಿನ ಮುಂಚೆ ಗುಳಿಗೆ, ಹಾಳೆ ಚೀಲಕ್ಕೆ ಹಾಕಿಕೊಂಡು ನಾವಿಬ್ಬರೂ ಬಸ್ಸು ಹತ್ತಿ ಶಿರಸಿಗೆ, ಅಲ್ಲಿಂದ ಸೋಂದಾ ಕಡೆಯ ಬಸ್ಸು ಹಿಡಿದು ತಮ್ಮನ ಮನೆಗೆ ಹೋದೆವು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಗಾಜಿನಲ್ಲಿ ಅವಳ ಕುತ್ತಿಗೆ ಹಾರುವುದು ಕಾಣುತ್ತಿತ್ತು. ಗಂಟಲಲ್ಲಿ ಒಂದು ಸದ್ದೂ ಹೊಸದಾಗಿ ಸೇರಿತ್ತು, ಹ್ಞುಂ ಹ್ಞುಂ ಅಂತ. ಬಸ್ಸಿನ ಗಲಾಟೆಯಲ್ಲಿ ಬೇರೆಯವರಿಗೆ ಕೇಳುವ ಹಾಗಿರಲಿಲ್ಲ.

ತಮ್ಮನ ಮನೆಯಲ್ಲಿ ಗೋಡೆ ಒಣಗಿ ತಯಾರಿತ್ತು. ಎರಡು ದಿನ ಬರೆದೆವು. ನಾವು ಅಂದೆ, ಬರೆದದ್ದು ಅವಳು. ನಾನು ನೂಲು ಹಿಡಿದು ಅಳತೆ ತೋರಿಸಿದೆ, ಬಣ್ಣ ಕಲಸಿದೆ, ಬಂದವರ ಹತ್ತಿರ ಮಾತಾಡಿದೆ. ಹೆಂಗಸರು ಅಕ್ಕಿ ಆರಿಸುವುದು ಬಿಟ್ಟು ಬಂದು ನೋಡಿದರು. ಮೊಮ್ಮಗಳ ಕೈ ಅಜ್ಜಿಗಿಂತ ನೆಟ್ಟಗಿದೆ ಅಂದರು. ತಮ್ಮನ ಹೆಂಡತಿಯ ಅಕ್ಕ ಒಬ್ಬಳಿದ್ದಾಳೆ, ನನಗಿಂತ ದೊಡ್ಡವಳು, ನಾಲಿಗೆಗೆ ಎಲುಬಿಲ್ಲ. "ನೀನು ಎಂತಕ್ಕೆ ಬಂದದ್ದೇ? ಹಿಟ್ಟಿನ ಬಟ್ಟಲು ಕಾಯ್ಲಿಕ್ಕಾ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನಗೆ ಅಷ್ಟು ಸಂತೋಷ ಆಗಿ ಬಹಳ ವರ್ಷ ಆಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಹುಡುಗಿ ಆಗಾಗ ಎದ್ದು ಹಿಂದೆ ಹೋಗುತ್ತಿದ್ದಳು. ಅದೇ ಹೆಂಗಸು, ಈ ಕೂಸು ಎಷ್ಟು ನೀರು ಕುಡಿತದೆ, ಹಂಡೆ ಕಟ್ಟಿ ಕಳಿಸಿದ್ದೀಯಾ ಹೊಟ್ಟೆಗೆ ಅಂತ ತಮಾಷೆ ಮಾಡಿದಳು. ಎರಡನೇ ದಿನ ಮಧ್ಯಾಹ್ನ ಹೋದವಳು ಬರಲಿಲ್ಲ. ಬಿಳಿ ಒಣಗುತ್ತಿತ್ತು. ಹುಡುಕಿಕೊಂಡು ಹೋದೆ.

ಹುಲ್ಲುಗೊಣಬೆಯ ಹಿಂದೆ ನಿಂತಿದ್ದಳು, ಮುಖ ಹುಲ್ಲಿಗೆ. ನನ್ನನ್ನು ಕಂಡಿರಲಿಲ್ಲ. ತಡೆದಿಟ್ಟದ್ದನ್ನೆಲ್ಲ ಅಲ್ಲಿ ಬಿಡುತ್ತಿದ್ದಳು. ಕುತ್ತಿಗೆ ಒಂದರ ಮೇಲೊಂದು ಸೆಳೆಯುತ್ತಿತ್ತು, ಭುಜ ಏರಿ ಇಳಿಯುತ್ತಿತ್ತು, ಕಣ್ಣು ಹಿಂಡಿ ಹಿಂಡಿ ತೆಗೆಯುತ್ತಿದ್ದಳು. ಹ್ಞುಂ ಹ್ಞುಂ ಅನ್ನುವುದು ಗಂಟಲಿನಿಂದ ಅಲ್ಲ, ಹೊಟ್ಟೆಯಿಂದ ಬರುತ್ತಿತ್ತು. ನೋವಾಗುತ್ತಿರಬೇಕು, ಒಂದು ಕೈಯಲ್ಲಿ ಕುತ್ತಿಗೆಯ ಬುಡ ಒತ್ತಿ ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ಕುಂಚ. ಕುಂಚಕ್ಕೆ ಹುಲ್ಲು ತಾಗಬಾರದು ಅಂತ ಆ ಕೈಯನ್ನು ದೂರ ಚಾಚಿಕೊಂಡಿದ್ದಳು.

ನಾನು ಎಷ್ಟು ಹೊತ್ತು ನಿಂತೆ ಗೊತ್ತಿಲ್ಲ. ಹತ್ತಿರ ಹೋಗಬೇಕಿತ್ತು. ಸಾಕು ಕೂಸೇ, ಕುಂಚ ಬಿಸಾಕು ಅನ್ನಬೇಕಿತ್ತು. ಗೋಡೆಯಲ್ಲಿ ಇನ್ನು ಬಲಗಡೆಯ ಒಂದು ಪಟ್ಟಿ ಬಾಕಿ ಇತ್ತು. ನಾನು ಸದ್ದಾಗದ ಹಾಗೆ ತಿರುಗಿ ಬಂದೆ. ಅವಳು ಸ್ವಲ್ಪ ಹೊತ್ತಿಗೆ ಮುಖ ತೊಳೆದುಕೊಂಡು ಬಂದು ಕೂತಳು. ಪಟ್ಟಿ ಮುಗಿಸಿದಳು. ಒಂದೂ ಎಳೆ ತುಂಡಾಗಲಿಲ್ಲ.

ಮದುವೆಯ ಬೆಳಿಗ್ಗೆ ಮಗ ಸೊಸೆ ಬಂದರು. ಸೊಸೆ ಗೋಡೆ ನೋಡಿ ಹುಡುಗಿಯ ಕೆನ್ನೆ ಹಿಡಿದು ಮುದ್ದು ಮಾಡಿದಳು. ಸಂಭ್ರಮದಲ್ಲಿ ಅವಳಿಗೂ ಏನೂ ಕಾಣಲಿಲ್ಲ. ಹುಡುಗಿಯೂ ಕಾಣಲು ಬಿಡಲಿಲ್ಲ. ನಾನು ಹೇಳಿದ್ದೆ ಅವಳಿಗೆ, ಇವತ್ತೊಂದು ದಿನ, ಎಲ್ಲರೆದುರು ತಡಕೋ ಅಂತ. ಮದುಮಕ್ಕಳ ಹತ್ತಿರವೇ ನಿಲ್ಲಿಸಿದರು ಅವಳನ್ನು, ಗೋಡೆ ಬರೆದವಳು ಅಂತ. ಹಿಂದೆ ಹೋಗಲಿಕ್ಕೆ ದಾರಿ ಇರಲಿಲ್ಲ, ಜನ ಒತ್ತಿಕೊಂಡು ನಿಂತಿದ್ದರು.

ಧಾರೆಯ ಹೊತ್ತಿಗೆ ವಾದ್ಯ ನಿಲ್ಲಿಸಿದರು. ಕೈಮೇಲೆ ನೀರು ಬಿಡುವ ಸದ್ದು ಕೇಳುವಷ್ಟು ನಿಶ್ಶಬ್ದ. ಆಗ ಬಂತು. ಹ್ಞುಂ ಅಲ್ಲ, ಅದಕ್ಕಿಂತ ದೊಡ್ಡದು, ಕಾಲಡಿ ಸಿಕ್ಕಿದ ನಾಯಿಮರಿ ಕೂಗಿದ ಹಾಗೆ. ಒಂದಲ್ಲ, ನಾಲ್ಕೈದು. ಅದರ ಜೊತೆಗೇ ಕುತ್ತಿಗೆ. ಮದುಮಗಳು ಹೆದರಿ ತಿರುಗಿದಳು. ಹಿಂದೆ ಯಾರೋ ನಾಯಿ ಒಳಗೆ ಬಂತು ಕಾಣಿ ಅಂದ. ಮಕ್ಕಳು ಕಿಸಕ್ಕನೆ ನಕ್ಕರು, ದೊಡ್ಡವರೂ ನಕ್ಕರು. ಹುಡುಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು, ಬೆರಳ ಸಂದಿಯಿಂದಲೂ ಅದು ಬರುತ್ತಲೇ ಇತ್ತು. ಅವಳು ಯಾರ ಕಡೆಗೂ ನೋಡಲಿಲ್ಲ, ನನ್ನ ಕಡೆಗೆ ನೋಡಿದಳು. ಬೈಯುತ್ತೇನೆ ಅಂತ ನೋಡಿದ್ದು.

ಸೊಸೆ ಜನರನ್ನು ಸರಿಸಿ ಬಂದು ಎತ್ತಿಕೊಂಡು ಹೋದಳು. ಒಂಬತ್ತು ವರ್ಷದ ಹುಡುಗಿಯನ್ನು ಎಳೆಕೂಸಿನ ಹಾಗೆ. ನಾನು ಹಿಂದೆ ಹೋದೆ. ಅದೇ ಹುಲ್ಲುಗೊಣಬೆಯ ಹತ್ತಿರ ಕೂರಿಸಿಕೊಂಡು, ಯಾವಾಗಿಂದ ಮಗಾ, ಯಾವಾಗಿಂದ ಹೀಗೆ, ಅಮ್ಮಂಗೆ ಯಾಕೆ ಹೇಳ್ಲಿಲ್ಲ ಅಂತ ಕೇಳುತ್ತಿದ್ದಳು.

"ಅಜ್ಜಿಗೆ ಗೊತ್ತು," ಅಂದಳು ಹುಡುಗಿ.

ಚಾಡಿ ಹೇಳಿದ್ದಲ್ಲ ಅದು. ಅಜ್ಜಿಗೆ ಗೊತ್ತಿದೆ, ಆದ್ದರಿಂದ ಸರಿಯಿದೆ ಅನ್ನುವ ಹಾಗೆ ಹೇಳಿದಳು. ಸೊಸೆ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಹೌದು ಅಂದೆ.

ಮದುವೆಯ ಊಟ ಮಾಡದೆ ಟೆಂಪೋ ಹತ್ತಿದೆವು. ಹುಡುಗಿ ಅಮ್ಮನ ತೊಡೆಯ ಮೇಲೆ ಮಲಗಿ ನಿದ್ದೆ ಹೋದಳು, ನಿದ್ದೆಯಲ್ಲಿ ಮಾತ್ರ ಮೈ ಸುಮ್ಮನಿತ್ತು. ಮನೆಗೆ ಬಂದ ಮೇಲೆ ಸೊಸೆ ಆ ಹಾಳೆ ತೆಗೆದು ಅಡುಗೆಮನೆಯ ಬೆಳಕಿಗೆ ಹಿಡಿದು ನೋಡಿದಳು. ಬೆರಳಿಟ್ಟು ಐದನೇ ಸಾಲಿನ ಉದ್ದಕ್ಕೆ ಹೋದಳು. ಅವಳು ಮದುವೆಯಾಗಿ ಬಂದು ಹನ್ನೆರಡು ವರ್ಷದಲ್ಲಿ ನನಗೆ ಎದುರು ಮಾತಾಡಿದವಳಲ್ಲ. ನಾನು ಆಡಿದ ಮಾತಿಗೆ ಬೇರೆ ಯಾರಾದರೂ ಆದರೆ ಚೊಂಬು ಎಸೆದಿರುತ್ತಿದ್ದರು.

"ನಿಮ್ಗೆ ಗೋಡೆ ಬೇಕಾಗಿತ್ತು ಅತ್ತೆ," ಅಂದಳು. ಅಷ್ಟೇ. ಹಾಳೆ ಮಡಚಿ ತನ್ನ ಪರ್ಸಿಗೆ ಹಾಕಿಕೊಂಡಳು.

ಹುಬ್ಬಳ್ಳಿಗೆ ನಾನೂ ಹೋದೆ. ಬೇಡ ಅಂದ ಮಗ. ಬರುತ್ತೇನೆ ಅಂದೆ. ಡಾಕ್ಟರು ಯಾವಾಗ ಸುರುವಾಯ್ತು ಅಂತ ಕೇಳಿದರು. ನಾನೇ ಹೇಳಿದೆ, ದಿನ ಸಮೇತ. ತಡಕೋ ಅಂತ ಹೇಳಿಕೊಟ್ಟದ್ದನ್ನೂ ಹೇಳಿದೆ. ಅವರು ಬರೆಯುವುದು ನಿಲ್ಲಿಸಿದರು. ಬೈಯಲಿಲ್ಲ. ಹಾಗೆ ಹೇಳಬಾರದು, ತಡೆದರೆ ಅದು ಹೋಗುವುದಿಲ್ಲ, ಮಗುವಿಗೆ ಸುಸ್ತು, ಮೇಲಿಂದ ಹೆದರಿಕೆ, ನೋಡಿಯೂ ನೋಡದ ಹಾಗಿರಬೇಕು ಅಂದರು. ಆ ಗುಳಿಗೆ ನಿಲ್ಲಿಸಿ ಬೇರೆ ಕೊಡುತ್ತೇನೆ, ಅದು ನಿಧಾನ ಅಂದರು.

ಮೊದಲೇ ಹೇಳಿದ್ದರೆ ಇಷ್ಟು ಆಗ್ತಿರ್ಲಿಲ್ವಾ ಅಂತ ಕೇಳಿದೆ. ಹೇಳಲಿಕ್ಕೆ ಆಗುವುದಿಲ್ಲ ಅಮ್ಮ, ಗುಳಿಗೆಯಿಂದ ಬಂದದ್ದಿರಬಹುದು, ಬರುವುದೇ ಇತ್ತು, ಗುಳಿಗೆ ಎಬ್ಬಿಸಿರಬಹುದು, ಮೊದಲೇ ತಿಳಿದಿದ್ದರೆ ಕಮ್ಮಿ ಮಾಡಿ ನೋಡುತ್ತಿದ್ದೆ, ಅಷ್ಟೇ ಗೊತ್ತು ಅಂದರು. ನನಗೆ ಹೌದು ನಿನ್ನಿಂದಲೇ ಅಂದಿದ್ದರೆ ಒಳ್ಳೆಯದಿತ್ತು. ಅಲ್ಲ ಅಂದಿದ್ದರೂ ಒಳ್ಳೆಯದಿತ್ತು. ಅವರು ಎರಡೂ ಅನ್ನಲಿಲ್ಲ.

ಅದಾಗಿ ಒಂದು ಮಳೆಗಾಲ ಕಳೆಯಿತು. ಆ ನಾಯಿಮರಿ ಸದ್ದು ಹೋಯಿತು. ಕಣ್ಣು ಬಹಳ ಮಟ್ಟಿಗೆ ಸರಿಯಾಗಿದೆ. ಕುತ್ತಿಗೆ ಮತ್ತು ಹ್ಞುಂ ಅನ್ನುವುದು ಉಳಿದಿದೆ, ಕೆಲವು ದಿನ ಇರ್ತದೆ, ಕೆಲವು ದಿನ ಇಲ್ಲ. ಶಾಲೆಯಲ್ಲಿ ಒಂದೆರಡು ಮಕ್ಕಳು ಹ್ಞುಂ ಅಂತ ಕರೆಯುತ್ತಾರಂತೆ, ಅಕ್ಕೋರು ನಿಲ್ಲಿಸಲು ನೋಡುತ್ತಿದ್ದಾರೆ. ಹೊಸ ಗುಳಿಗೆಯಲ್ಲಿ ಅರ್ಧ ಕೂರುತ್ತಾಳೆ, ಅರ್ಧ ಓಡುತ್ತಾಳೆ. ದಣಪೆ ಮತ್ತೆ ತೆಗೆದೇ ಇರ್ತದೆ. ಕುಂಚ ಮುಟ್ಟುವುದಿಲ್ಲ. ನಾನು ಹೇಳುವುದೂ ಇಲ್ಲ. ಹಿತ್ತಲ ಗೋಡೆಯ ಎಳೆಗಳೆಲ್ಲ, ಆ ಮೊದಲ ಹನ್ನೊಂದೂ, ಮಳೆ ಇರಚಲಿಗೆ ತೊಳೆದುಹೋದವು.

ಡಾಕ್ಟರು ಹೊಸ ಹಾಳೆ ಕೊಟ್ಟಿದ್ದಾರೆ. ಅದನ್ನು ಸೊಸೆ ತುಂಬುತ್ತಾಳೆ, ಅಡುಗೆಮನೆಯ ಮೊಳೆಗೆ ತೂಗು ಹಾಕಿದ್ದಾಳೆ. ನನಗೆ ಮುಟ್ಟಬೇಡಿ ಅಂತ ಹೇಳಿಲ್ಲ, ಕೊಟ್ಟೂ ಇಲ್ಲ. ಈ ಸಲ ದಿನವನ್ನು ಮೂರು ಪಾಲು ಮಾಡಿದ್ದಾರೆ, ಬೆಳಿಗ್ಗೆ, ಶಾಲೆ ಬಿಟ್ಟ ಮೇಲೆ, ರಾತ್ರಿ. ನಾನು ಅನ್ನ ಬಸಿಯುವಾಗ ಅದನ್ನು ನೋಡುತ್ತೇನೆ. ಬೆಳಿಗ್ಗೆಗೆ ಗೀಟು ಇರ್ತದೆ, ರಾತ್ರಿಗೆ ಗೀಟು ಇರ್ತದೆ. ನಡುವಿನದು ಖಾಲಿ. ಅದು ಹುಡುಗಿ ನನ್ನ ಹತ್ತಿರ ಇರುವ ಹೊತ್ತು, ನಾಲ್ಕರಿಂದ ಏಳು. ಸೊಸೆ ಕೇಳಿದರೆ ಹುಡುಗಿಯೇ, ಅಜ್ಜಿ ಹತ್ರ ಇರುವಾಗ ಬರುದಿಲ್ಲ ಅನ್ನುತ್ತಾಳೆ.

ಒಂದು ದಿನ ಕರೆದು ಕೂರಿಸಿಕೊಂಡೆ. ನನಗೆ ಇಂಥದೆಲ್ಲ ಮಾತಾಡಿ ಅಭ್ಯಾಸ ಇಲ್ಲ. "ನನ್ನೆದ್ರು ತಡಿಬೇಡ ಕೂಸೇ. ಬಿಡು. ಗೋಡೆ ಮುಗದೋಯ್ತು," ಅಂದೆ.

"ನಾ ತಡಿತಾ ಇಲ್ಲ ಅಜ್ಜಿ. ಬರುದೇ ಇಲ್ಲ," ಅಂದಳು. ಹಲ್ಲು ಕಚ್ಚಿಕೊಂಡಿದ್ದಳು. ಕುತ್ತಿಗೆಯ ನರ ಎದ್ದು ನಿಂತಿತ್ತು. ನಾನು ಕಲಿಸಿದ ಹಾಗೇ. ಆಮೇಲೆ ನೀರು ಕುಡಿತೆ ಅಂತ ಎದ್ದು ಹಿಂದೆ ಹೋದಳು.

ಬಚ್ಚಲ ಗೋಡೆ ತೆಳು. ಅಡುಗೆಮನೆಯಲ್ಲಿ ಎಲ್ಲಾ ಕೇಳ್ತದೆ. ಹ್ಞುಂ, ಹ್ಞುಂ, ಹ್ಞುಂ. ಮೊದಲೆರಡು ದೊಡ್ಡದು, ಆಮೇಲೆ ಅಜ್ಜಿ ಒಳಗಿದ್ದಾಳೆ ಅಂತ ನೆನಪಾಗಿ ಸಣ್ಣ ಮಾಡುತ್ತಾಳೆ, ಬಾಯಿಗೆ ಕೈ ಅಡ್ಡ ಹಿಡಿದು.

ಅದಕ್ಕೆ ನಾನು ಈಗ ಅವಳು ಹಿಂದೆ ಹೋದ ಕೂಡಲೆ ಪಾತ್ರೆ ತಿಕ್ಕಲು ಕೂರುತ್ತೇನೆ. ತೊಳೆದಿಟ್ಟದ್ದನ್ನೇ ಮತ್ತೆ ತೆಗೆದು, ಬೋಗುಣಿ, ಚರಿಗೆ, ಹಿತ್ತಾಳೆ ಹಂಡೆಯ ಮುಚ್ಚಳ, ಕಲ್ಲಿಗೆ ಬಡಿದು ಬಡಿದು ತಿಕ್ಕುತ್ತೇನೆ. ನಡುಗುವ ಕೈಯಿಂದ ಆಗುವ ಕೆಲಸ ಅದು. ನಾನು ಸದ್ದು ಮಾಡುತ್ತಿರುವಷ್ಟು ಹೊತ್ತು ನನಗೆ ಕೇಳುವುದಿಲ್ಲ ಅಂತ ಅವಳಿಗೆ ಧೈರ್ಯ, ಪೂರ್ತಿ ಬಿಡುತ್ತಾಳೆ. ಅವಳು ಮುಖ ತೊಳೆದು ಬರುವ ತನಕ ನಾನು ನಿಲ್ಲಿಸುವುದಿಲ್ಲ.